ಭಾಗಾಕಾರ ಮಾಡಿದರೆ ಪ್ರಯಾಣದ ಹೊತ್ತು ಸಿಗುವುದಿಲ್ಲ

ಈಗಷ್ಟೇ ಗೆಳೆಯರೊಬ್ಬರೊಡನೆ ಜೋರಾಗಿ ವಾದಿಸಿ ಬಂದಿದ್ದೇನೆ, ಸಿಟ್ಟು ಇನ್ನೂ ಇಳಿದಿಲ್ಲ. ಲಂಡನ್‌ನಿಂದ ನ್ಯೂಯಾರ್ಕ್‌ಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಅವರು ಮೊಬೈಲಿನಲ್ಲಿ ಹುಡುಕಿದರು. ದೂರ 5,500 ಕಿಲೋಮೀಟರಿಗೆ ತುಸು ಹೆಚ್ಚು, ಗಂಟೆಗೆ 900 ಕಿಲೋಮೀಟರಿನಂತೆ ಆರು ಗಂಟೆ ಚಿಲ್ಲರೆ ಎಂಬ ಉತ್ತರ ಬಂತು. ಅದನ್ನೇ ನಂಬಿ, ಅಲ್ಲಿಂದ ಮುಂದಕ್ಕೆ ಬೇರೆ ವಿಮಾನದ ಟಿಕೆಟ್ ಕೊಳ್ಳಲು ಹೊರಟಿದ್ದರು. ವೇಳಾಪಟ್ಟಿಯಲ್ಲಿ ಆ ಪ್ರಯಾಣಕ್ಕೆ ಇರುವುದು ಸುಮಾರು ಎಂಟು ಗಂಟೆ!

ನಾನು ಭೂಗೋಳದ ಪಾಠ ಹೇಳಿದವಳು. ಆ ದೂರದ ಬಗ್ಗೆ ನನ್ನ ತಕರಾರಿಲ್ಲ. ಭೂಗೋಳದ ಮೈಮೇಲೆ ಎರಡು ಊರುಗಳನ್ನು ಸೇರಿಸುವ ಅತಿ ಹತ್ತಿರದ ಗೆರೆ ಅದು. ಆದರೆ ಅದನ್ನು ವೇಗದಿಂದ ಭಾಗಿಸಿ ಬಂದದ್ದನ್ನು ಪ್ರಯಾಣದ ಅವಧಿ ಎಂದು ಕರೆಯುವುದನ್ನು ನಾನು ಒಪ್ಪಲಾರೆ. ಅದೇ ನ್ಯೂಯಾರ್ಕ್‌ನಿಂದ ಲಂಡನ್‌ಗೆ ಮರಳಲು ಸುಮಾರು ಏಳು ಗಂಟೆ ಸಾಕು. ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹ ಒಂದು ದಿಕ್ಕಿನಲ್ಲಿ ದೂಡುತ್ತದೆ, ಇನ್ನೊಂದರಲ್ಲಿ ಎದುರಾಗಿ ತಡೆಯುತ್ತದೆ. 2020ರ ಫೆಬ್ರವರಿಯಲ್ಲಿ, ಬಿರುಗಾಳಿಯ ಬಲದಿಂದ ನ್ಯೂಯಾರ್ಕ್‌ನಿಂದ ಹೊರಟ ಒಂದು ವಿಮಾನ 4 ಗಂಟೆ 56 ನಿಮಿಷದಲ್ಲೇ ಲಂಡನ್ ಸೇರಿತು. ದೂರ ಒಂದೇ, ಹೊತ್ತು ಮೂರು ಬಗೆ. ಭಾಗಾಕಾರಕ್ಕೆ ಇದು ಹೇಗೆ ತಿಳಿಯಬೇಕು?

ಗಾಳಿಯನ್ನು ಬಿಡಿ, ರಾಜಕೀಯವೂ ಇದೆ. 2022ರಲ್ಲಿ ರಷ್ಯಾದ ಆಕಾಶ ಯುರೋಪಿನ ವಿಮಾನಗಳಿಗೆ ಮುಚ್ಚಿದ ಮೇಲೆ ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆಯಷ್ಟಿದ್ದ ಪ್ರಯಾಣ ಹದಿಮೂರು ಗಂಟೆಯ ಹತ್ತಿರಕ್ಕೆ ಹೋಯಿತು. ಊರುಗಳು ಇದ್ದಲ್ಲೇ ಇವೆ, ನಡುವಿನ ಕಿಲೋಮೀಟರ್ ಒಂದೂ ಹೆಚ್ಚಿಲ್ಲ!

"ಅಂದಾಜು ತಾನೇ, ಅಷ್ಟಕ್ಕೆ ಯಾಕೆ ಕೋಪ?" ಎಂದರು ಗೆಳೆಯರು. ಅಂದಾಜೇ ಆಗಿದ್ದರೆ ಕೆಲವೊಮ್ಮೆ ಹೆಚ್ಚು, ಕೆಲವೊಮ್ಮೆ ಕಡಿಮೆ ತೋರಿಸಬೇಕಿತ್ತು. ಇದು ಬಹುತೇಕ ಕಡಿಮೆಯನ್ನೇ ತೋರಿಸುತ್ತದೆ, ಅದರಲ್ಲೂ ಹತ್ತಿರದ ಊರುಗಳಿಗೆ. 300 ಕಿಲೋಮೀಟರಿಗೆ ಈ ಲೆಕ್ಕದಲ್ಲಿ ಇಪ್ಪತ್ತೇ ನಿಮಿಷ. ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು, ನಿಧಾನವಾಗಿ ಏರುವುದು, ಇಳಿಯುವ ಮುನ್ನ ಸುತ್ತುವುದು ಯಾವುದೂ ಅದರಲ್ಲಿಲ್ಲ. ವಿಮಾನ ನಿಲ್ದಾಣದ ಗೇಟಿನಿಂದ ಹೊರಟು ಇನ್ನೊಂದು ಗೇಟಿನಲ್ಲಿ ನಿಲ್ಲುವವರೆಗಿನ ಅವಧಿಯನ್ನು ಬರೆಯುವ ವೇಳಾಪಟ್ಟಿ ಅದೇ ದೂರಕ್ಕೆ ಒಂದು ಗಂಟೆಯ ಆಸುಪಾಸು ಕೊಡುತ್ತದೆ.

ಇದು ನನಗೆ ಬರಿಯ ಲೆಕ್ಕದ ಮಾತಲ್ಲ. ಮಗಳು ವಿಮಾನದಲ್ಲಿರುವಾಗ ನಾನು ಗಡಿಯಾರ ನೋಡುತ್ತ ಕೂರುವ ತಾಯಿ. ಹೇಳಿದ ಹೊತ್ತು ದಾಟಿ ಕಾಲು ಗಂಟೆ ಕಳೆದರೂ ಎದೆ ಹೊಡೆದುಕೊಳ್ಳುತ್ತದೆ. ಮೊಬೈಲಿನಲ್ಲಿ ಇಂಥ ಉತ್ತರ ಕೊಡುವವರಿಗೆ ನನ್ನ ಮಾತು ಇಷ್ಟೇ: ಹಾಗೆ ಕಾಯುವ ಯಾರ ಕೈಗೂ ಎರಡು ಗಂಟೆ ಕಡಿಮೆ ಇರುವ ಸಂಖ್ಯೆಯನ್ನು ಕೊಡಬೇಡಿ. ಹೋಗುವ ಮತ್ತು ಬರುವ ಅವಧಿಗಳನ್ನು ವೇಳಾಪಟ್ಟಿಯಿಂದ ತೆಗೆದು ಬೇರೆ ಬೇರೆಯಾಗಿ ತೋರಿಸಿ. ಅದು ಆಗದಿದ್ದರೆ ದೂರವನ್ನಷ್ಟೇ ಬರೆದು, ಗಂಟೆಯ ಜಾಗವನ್ನು ಖಾಲಿ ಬಿಡಿ.