ಪ್ರಾಜೆಕ್ಟ್ ಮ್ಯಾನೇಜರ್ ಆಗ್ಲಿಕ್ಕೆ ಪಿಎಂಪಿ ಬೇಕಾ?

ಪರ: ಬೇಕೇ ಬೇಕು

ಪಿಎಂಪಿ ಅಂದ್ರೆ ಇವನಿಗೆ ಪ್ರಾಜೆಕ್ಟ್ ನಡೆಸ್ಲಿಕ್ಕೆ ಬರ್ತದೆ ಅಂತ ಅಮೆರಿಕದ ಪಿಎಂಐ ಸಂಸ್ಥೆ ಪರೀಕ್ಷೆ ಮಾಡಿ ಕೊಡುವ ಸರ್ಟಿಫಿಕೇಟ್. ನಮ್ಮ ಮಂಜೇಶ್ವರ, ಕುಂಬಳೆ ಕಡೆಯ ಹುಡುಗ್ರು ಸಿವಿಲ್ ಓದಿ ಮಂಗ್ಳೂರಲ್ಲೋ ಕಣ್ಣೂರಲ್ಲೋ ಸೈಟ್ ಎಂಜಿನಿಯರ್ ಆಗಿ ಸೇರ್ತಾರೆ, ಐದಾರು ವರ್ಷ ಕಳೆದ್ರೂ ಅದೇ ಸೈಟ್ ಎಂಜಿನಿಯರ್. ಕೆಲಸ ಬರುವುದಿಲ್ಲ ಅಂತಲ್ಲ, ಇವನಿಗೆ ಬರ್ತದೆ ಅಂತ ಹೇಳುವವರು ಯಾರೂ ಇಲ್ಲ. ದೊಡ್ಡ ಕಾಲೇಜಿನ ಹೆಸರಿಲ್ಲ, ಕಂಪನಿಯಲ್ಲಿ ಮಾವ ಚಿಕ್ಕಪ್ಪ ಇಲ್ಲ. ಅಂಥವರಿಗೆ ಪಿಎಂಪಿ ಬೇಕು ಅಂತ ಎಲ್ಲಿ ಬೇಕಾದ್ರೂ ಹೇಳ್ತೇನೆ.

ದುಬೈಯಲ್ಲಿ ನಾನು ಕೆಲಸ ಹುಡುಕುವಾಗ ಅರ್ಜಿ ಹಾಕಿದ ಕಡೆಯೆಲ್ಲ ಉತ್ತರವೇ ಇಲ್ಲ. ಪಿಎಂಪಿ ಪಾಸಾದ ಮೇಲೆ ಅದೇ ಬಯೋಡಾಟಕ್ಕೆ ಒಂದು ಸಾಲು ಸೇರಿಸಿದ್ದಷ್ಟೇ, ಫೋನ್ ಬರ್ಲಿಕ್ಕೆ ಶುರುವಾಯ್ತು. 1984ರಿಂದ ನಡೀತಾ ಬಂದ ಪರೀಕ್ಷೆ ಇದು, ಗಲ್ಫಿನ ಎಚ್‌ಆರಿನವರಿಗೆ ನಮ್ಮ ಕಾಸರಗೋಡಿನ ಬದಿಯಡ್ಕ ಗೊತ್ತಿಲ್ಲದಿದ್ರೂ ಪಿಎಂಪಿ ಗೊತ್ತುಂಟು.

ದುಡ್ಡು ಕೊಟ್ರೆ ಸಿಗುವ ಕಾಗದವೂ ಅಲ್ಲ. ನಾಲ್ಕು ವರ್ಷದ ಡಿಗ್ರಿ ಇದ್ದವನಿಗೂ 36 ತಿಂಗಳು ಪ್ರಾಜೆಕ್ಟ್ ನಡೆಸಿದ ಅನುಭವ, ಮೇಲಿಂದ 35 ಗಂಟೆಯ ತರಗತಿ ಬೇಕು. ಅರ್ಜಿ ತುಂಬುವಾಗಲೇ ನಾನು ಮಾಡಿದ ಕೆಲಸವನ್ನೆಲ್ಲ ಕೂತು ಬರೀಬೇಕಾಯ್ತು. ಓನರ್ ಬಂದು ಇಲ್ಲೊಂದು ಬಾತ್‌ರೂಂ ಸೇರಿಸಿ ಅಂತ ಬಾಯಿಮಾತಲ್ಲಿ ಹೇಳ್ತಾರೆ, ನಾವು ತಲೆ ಆಡಿಸ್ತೇವೆ, ಆಮೇಲೆ ಪೈಪ್‌ಲೈನ್ ಬದಲಿಸ್ಬೇಕು, ಸಾರಣೆ ಒಡೀಬೇಕು, ಲೇಟ್ ಆದ್ರೆ ಬೈಗುಳ ನಮಗೆ. ಬರೆಸಿ, ರೇಟ್ ಹಾಕಿ, ಎಷ್ಟು ದಿನ ಜಾಸ್ತಿ ಅಂತ ತೋರಿಸಿ, ಸೈನ್ ತಕ್ಕೊಂಡ ಮೇಲೆಯೇ ಸಿಮೆಂಟ್ ಕಲಸಬೇಕು ಅನ್ನುವ ಶಿಸ್ತು ನನಗೆ ಬಂದದ್ದು ಆ ಓದಿನಿಂದ. ಅನುಭವವೇ ಸಾಕು ಅನ್ನುವವರು ಹೆಚ್ಚಾಗಿ ಓದ್ಲಿಕ್ಕೆ ಉದಾಸೀನ ಇರುವವರು. ಫೀಸ್ ಜಾಸ್ತಿಯಂತೆ! ಮದುವೆಗೆ ಸಾಲ ಮಾಡುವಾಗ ಯಾರಾದ್ರೂ ಹಿಂದೆಮುಂದೆ ನೋಡ್ತಾರಾ?

ವಿರೋಧ: ಎಲ್ಲರಿಗೂ ಯಾಕೆ?

ವಿರೋಧವಾಗಿ ಬರೀರಿ ಅಂತ ಹೇಳಿದ್ದಕ್ಕೆ ಬರೀತಿದ್ದೇನೆ, ಗಲ್ಫಿಗೆ ಹೋಗುವವರಿಗೆ ಪಿಎಂಪಿಯಿಂದ ಉಪಯೋಗ ಇಲ್ಲ ಅಂತ ನಾನು ಹೇಳುವುದಿಲ್ಲ. ಆದ್ರೆ ಊರಲ್ಲೇ ಕೆಲಸ ಮಾಡುವವನು ಮೂರು ವರ್ಷಕ್ಕೊಮ್ಮೆ 60 ಪಿಡಿಯು, ಅಂದ್ರೆ ಕಲಿಕೆಯ ಗಂಟೆಗಳ ಲೆಕ್ಕ, ಒಟ್ಟು ಮಾಡಿ, ಡಾಲರ್ ಲೆಕ್ಕದ ಫೀಸ್ ಕಟ್ಟಿ ರಿನ್ಯೂ ಮಾಡ್ತಾ ಇರ್ಬೇಕಾ?

ಬದಿಯಡ್ಕದ ಹತ್ರ ನಮ್ಮದೊಂದು ಕಟ್ಟಡದ ಕೆಲಸ ಇತ್ತು. ಮೇಸ್ತ್ರಿಯ ಮಾತು ತುಳು, ಎಂಜಿನಿಯರದ್ದು ಮಲಯಾಳ, ಸೆಂಟ್ರಿಂಗಿನ ಬಂಗಾಳಿ ಹುಡುಗ್ರ ಹತ್ರ ಹಿಂದಿ. ಲ್ಯಾಪ್‌ಟಾಪಿನ ಚಾರ್ಟಲ್ಲಿ ಸ್ಲ್ಯಾಬಿಗೆ ಜೂನ್ ಮೊದಲ ವಾರ ಅಂತಿತ್ತು. ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ ಹಾಕಿ ಮುಗಿಸುವ ಅಂತ ಮೇಸ್ತ್ರಿಯ ಹಟ. ಅಷ್ಟರಲ್ಲಿ ಹುಡುಗ್ರು ಬ್ಯಾಗ್ ಕಟ್ಟಿ ಊರಿಗೆ ಹೊರಟು ನಿಂತಿದ್ದಾರೆ. ಎಂಜಿನಿಯರ್ ಫೋನಲ್ಲೇ ಗದರಿಸಿದ್ರು. ಮೇಸ್ತ್ರಿ ಮಾತ್ರ ಸಂಜೆ ಅವರ ರೂಮಿಗೆ ಹೋಗಿ ಒಟ್ಟಿಗೆ ಚಾ ಕುಡಿದು ವಿಷಯ ಏನು ಅಂತ ಕೇಳಿದ್ರು, ನೋಡಿದ್ರೆ ಎರಡು ವಾರದ ಕೂಲಿ ಬಾಕಿ. ಮರುದಿನ ಬೆಳಿಗ್ಗೆಯೇ ದುಡ್ಡು ಕೊಡಿಸಿದ್ರು. ಹುಡುಗ್ರು ನಿಂತ್ರು, ಪತ್ತನಾಜೆಗೆ ಮುಂಚೆ ಸ್ಲ್ಯಾಬ್ ಆಯ್ತು, ಜೂನಿನಲ್ಲಿ ಮಳೆ ಹಿಡಿದದ್ದು ಬಿಡ್ಲೇ ಇಲ್ಲ.

ಆ ಮೇಸ್ತ್ರಿಯ ಜೊತೆ ಒಂದು ಮಳೆಗಾಲ ಕಳೆದ ಎಂಜಿನಿಯರಿಗೆ, ಸರ್ಟಿಫಿಕೇಟ್ ಇಲ್ಲದಿದ್ರೂ ಬಡ್ತಿ ಕೊಡಿ ಅಂತ ನಾನು ಕೇಳುವುದು.