ಒಬ್ಬೊಬ್ಬರಿಗೆ ಒಂದೊಂದು ಮದ್ದು ಅಂದರೂ ಟ್ರಯಲ್ ಮಾಡಬಹುದು

"ಚೀನೀ ವೈದ್ಯರು ನಾಲಿಗೆ ನೋಡಿ, ನಾಡಿ ಹಿಡಿದು ಒಬ್ಬೊಬ್ಬರಿಗೆ ಒಂದೊಂದು ಮದ್ದು ಕೊಡ್ತಾರೆ, ಅದು ಕ್ಲಿನಿಕಲ್ ಟ್ರಯಲ್ಲಿಗೆ ಸಿಗೋದಲ್ಲ." ಆಯುರ್ವೇದದ ಬಗ್ಗೆಯೂ ನಮ್ಮಲ್ಲಿ ದಿನಾ ಕೇಳೋ ಮಾತು ಇದು. ಆದರೆ ಇದು ತಪ್ಪು. ಅಂಥ ಟ್ರಯಲ್ 1998ರಲ್ಲೇ ಆಗಿಹೋಗಿದೆ.

ಸಿಡ್ನಿಯಲ್ಲಿ ಐಬಿಎಸ್ (ಹೊಟ್ಟೆನೋವು, ಭೇದಿ, ಮಲಬದ್ಧತೆ ಕಾಡುವ ಕರುಳಿನ ತೊಂದರೆ) ಇದ್ದ 116 ಜನರನ್ನು ಮೂರು ಗುಂಪು ಮಾಡಿದರು. ವೈದ್ಯರು ಎಲ್ಲರನ್ನೂ ತಮ್ಮ ಪದ್ಧತಿಯಂತೆಯೇ ನೋಡಿ, ಎಲ್ಲರಿಗೂ ಅವರವರ ಮದ್ದು ಬರೆದರು. ಚೀಟಿ ಔಷಧಿ ಕೊಡುವ ಕಡೆಗೆ ಹೋಯಿತು, ಗುಟ್ಟೆಲ್ಲ ಇದ್ದದ್ದು ಅಲ್ಲಿ. ಒಂದು ಗುಂಪಿಗೆ ವೈದ್ಯರು ಬರೆದ ಮದ್ದು, ಇನ್ನೊಂದಕ್ಕೆ 20 ಮೂಲಿಕೆಗಳ ಒಂದೇ ಸಿದ್ಧ ಮಿಶ್ರಣ, ಮೂರನೆಯದಕ್ಕೆ ಪ್ಲಸೀಬೊ, ಅಂದರೆ ಮದ್ದಿಲ್ಲದ ಹುಸಿ ಔಷಧಿ. ಎಲ್ಲರಿಗೂ ನೋಡಲು ಒಂದೇ ಥರದ ಕ್ಯಾಪ್ಸೂಲ್, ಹೊತ್ತಿಗೆ 5ರಂತೆ ದಿನಕ್ಕೆ ಮೂರು ಹೊತ್ತು, 16 ವಾರ. ಯಾರ ಹೊಟ್ಟೆಗೆ ಏನು ಹೋಗ್ತಿದೆ ಅಂತ ರೋಗಿಗೂ ಗೊತ್ತಿಲ್ಲ, ಬರೆದ ವೈದ್ಯರಿಗೂ ಗೊತ್ತಿಲ್ಲ. ಹದಿನಾರು ವಾರ ಮುಗಿದಾಗ ಎರಡೂ ಮದ್ದು ಪ್ಲಸೀಬೊಗಿಂತ ಮೇಲೆ ನಿಂತವು, ಆದರೆ ವೈದ್ಯರು ಬರೆದದ್ದು ಸಿದ್ಧ ಮಿಶ್ರಣಕ್ಕಿಂತ ಹೆಚ್ಚೇನೂ ಮಾಡಲಿಲ್ಲ. ಮದ್ದು ನಿಲ್ಲಿಸಿ 14 ವಾರ ಆದಮೇಲೆ ನೋಡಿದರೆ ಗುಣ ಉಳಿದಿದ್ದದ್ದು ವೈದ್ಯರು ಬರೆದ ಮದ್ದನ್ನೇ ತಗೊಂಡವರಲ್ಲಿ ಮಾತ್ರ. ನಾಡಿ ಪರೀಕ್ಷೆಯನ್ನು ನಂಬುವವರಿಗೂ ನಂಬದವರಿಗೂ ಇಂಥ ಉತ್ತರ ವಾದದಿಂದ ಸಿಗುತ್ತಿರಲಿಲ್ಲ.

ಕ್ಯಾಪ್ಸೂಲ್ ಆದ್ದರಿಂದ ಕೆಲಸ ಸಲೀಸಾಯಿತು. ಕಷಾಯವಾದರೆ ಬಣ್ಣ, ಕಹಿ, ಒಲೆ ಮೇಲಿಟ್ಟಾಗ ಏಳುವ ಘಾಟು ಎಲ್ಲವೂ ಹೊಂದಬೇಕು. ಪಿಷ್ಟಕ್ಕೆ ಬಣ್ಣ, ಕಹಿ ಪದಾರ್ಥ ಬೆರೆಸಿ ಪ್ಲಸೀಬೊ ಮಾಡ್ತಾರೆ. ಅಷ್ಟಕ್ಕೂ ರುಚಿ ಬರದಿದ್ದರೆ ಅಸಲಿ ಮದ್ದನ್ನೇ ಶೇ. 5ರಷ್ಟು ಸೇರಿಸುವವರಿದ್ದಾರೆ. ನನ್ನ ಪ್ರಕಾರ ಕೊನೆಯಲ್ಲಿ ರೋಗಿಗಳನ್ನೇ "ನಿಮಗೆ ಸಿಕ್ಕಿದ್ದು ಯಾವುದು ಅನಿಸಿತು?" ಅಂತ ಕೇಳಿ ಅದನ್ನೂ ಪ್ರಕಟಿಸಲೇಬೇಕು. ಹೆಚ್ಚಿನವರು ಸರಿಯಾಗಿ ಊಹಿಸಿಬಿಟ್ಟರೆ ಉಳಿದ ಅಂಕಿಅಂಶವನ್ನು ನಂಬೋದು ಕಷ್ಟ.

ಸೂಜಿ ಚಿಕಿತ್ಸೆಯಲ್ಲಿ (ಅಕ್ಯುಪಂಕ್ಚರ್) ಪೇಚು ಇನ್ನೂ ಜಾಸ್ತಿ. 1998ರಲ್ಲೇ ಜರ್ಮನಿಯಲ್ಲಿ ಸ್ಟ್ರೈಟ್‌ಬರ್ಗರ್ ಸೂಜಿ ಬಂತು. ಇದು ಚುಚ್ಚಿದಂತೆ ತೋರುವ ಹುಸಿ ಸೂಜಿ. ಮೊನೆ ಮೊಂಡು, ಒತ್ತಿದರೆ ನಾಟಕದ ಚೂರಿಯ ಹಾಗೆ ಹಿಡಿಯೊಳಕ್ಕೆ ಜಾರುತ್ತೆ. ಚರ್ಮದ ಮೇಲೆ ಪುಟ್ಟ ಬಳೆ ಇಟ್ಟು, ಅದರ ಮೇಲೆ ಪ್ಲಾಸ್ಟರ್ ಹಚ್ಚಿರುವುದರಿಂದ ಸೂಜಿ ನೆಟ್ಟಗೆ ನಿಲ್ಲುತ್ತೆ. ಚುಚ್ಚಿದ ಅನುಭವವೂ ಆಗುತ್ತೆ. ಆದರೆ ಚುಚ್ಚುವವರಿಗೆ ಗೊತ್ತಾಗೇ ಗೊತ್ತಾಗುತ್ತೆ, ಅದಕ್ಕೆ ಈ ಸೂಜಿಯಲ್ಲಿ ಪರಿಹಾರ ಇಲ್ಲ.

ಜರ್ಮನಿಯದೇ ಗೆರಾಕ್ ಟ್ರಯಲ್ (2007) ನೋಡಿ. ಬಹುಕಾಲದ ಸೊಂಟನೋವಿನ 1,162 ಜನ. ಒಂದು ಗುಂಪಿಗೆ ಶಾಸ್ತ್ರ ಹೇಳಿದ ಬಿಂದುಗಳಲ್ಲಿ ಆಳವಾಗಿ ಸೂಜಿ, ಇನ್ನೊಂದಕ್ಕೆ ಬಿಂದುವಲ್ಲದ ಕಡೆ ಮೇಲೆಮೇಲೆ, ಮೂರನೆಯದಕ್ಕೆ ಮಾಮೂಲಿ ಮಾತ್ರೆ, ವ್ಯಾಯಾಮ. ಆರು ತಿಂಗಳಿಗೆ ಸುಧಾರಿಸಿದವರು ಶೇ. 47.6, 44.2 ಮತ್ತು 27.4. ಎರಡನೇ ಗುಂಪು ಇಲ್ಲದಿದ್ದರೆ "ಸೂಜಿ ಗೆದ್ದಿತು" ಅಂತ ಪತ್ರಿಕೆಗಳಲ್ಲಿ ಬರ್ತಿತ್ತು. ಅದು ಇದ್ದದ್ದರಿಂದಲೇ ತಿಳಿದದ್ದು: ಸೂಜಿ ಎಲ್ಲಿ ಚುಚ್ಚಿದರೂ ಹೆಚ್ಚುಕಡಿಮೆ ಅಷ್ಟೇ. ಯಾವುದಾದರೂ ಸೂಜಿ ಚಿಕಿತ್ಸೆಯ ಸುದ್ದಿ ಬಂದಾಗ ನಾನು ಮೊದಲು ಹುಡುಕೋದು ಈ ಗುಂಪನ್ನೇ.

"ರ್‍ಯಾಂಡಮೈಸ್ಡ್" (ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಗುಂಪುಗಳಿಗೆ ಹಂಚಿದ್ದು) ಅನ್ನೋ ಪದವನ್ನೂ ಕಣ್ಣುಮುಚ್ಚಿ ನಂಬಬೇಡಿ. ಚೀನೀ ಪತ್ರಿಕೆಗಳಲ್ಲಿ ಹಾಗೆ ಹೇಳಿಕೊಂಡಿದ್ದ ಎರಡು ಸಾವಿರಕ್ಕೂ ಹೆಚ್ಚು ಅಧ್ಯಯನಗಳ ಲೇಖಕರನ್ನು ಚೀನಾದವರೇ ಫೋನಿನಲ್ಲಿ ವಿಚಾರಿಸಿ 2009ರಲ್ಲಿ ಬರೆದರು. ನಿಜಕ್ಕೂ ಹಾಗೆ ಹಂಚಿದ್ದವು ಹತ್ತರಲ್ಲಿ ಒಂದೂ ಇರಲಿಲ್ಲ. ಮುಂದೆ ಬರುವ ರೋಗಿ ಯಾವ ಗುಂಪಿಗೆ ಅಂತ ಡಾಕ್ಟರಿಗೆ ಮೊದಲೇ ಗೊತ್ತಿದ್ದರೆ, ಗಟ್ಟಿಮುಟ್ಟಾದವರನ್ನು ತಮಗೆ ಬೇಕಾದ ಮದ್ದಿನ ಕಡೆ ಸೇರಿಸಿಬಿಡ್ತಾರೆ. ಅಲ್ಲಿಗೆ ಟ್ರಯಲ್ ಕೆಟ್ಟಿತು.

ಚೀನಾ ಅಲ್ಲಿಗೇ ನಿಂತಿಲ್ಲ ಅನ್ನೋದನ್ನೂ ಹೇಳಬೇಕು. ಜಿಗಣೆ, ಚೇಳು, ಶತಪದಿ ಎಲ್ಲ ಸೇರಿದ ಟಾಂಗ್‌ಶಿನ್‌ಲುವೊ ಕ್ಯಾಪ್ಸೂಲನ್ನು 124 ಆಸ್ಪತ್ರೆಗಳ 3,777 ಹೃದಯಾಘಾತದ ರೋಗಿಗಳಲ್ಲಿ, ಮಾಮೂಲಿ ಚಿಕಿತ್ಸೆಯ ಜೊತೆಗೇ, ಪ್ಲಸೀಬೊಗೆ ಎದುರಿಟ್ಟು ನೋಡಿದರು. 2023ರಲ್ಲಿ ಪ್ರಕಟವಾಯಿತು. 30 ದಿನದಲ್ಲಿ ಹೃದಯದ ಸಾವು, ಮರು ಆಘಾತ, ತುರ್ತಾಗಿ ರಕ್ತನಾಳ ತೆರೆಯುವ ಚಿಕಿತ್ಸೆ, ಪಾರ್ಶ್ವವಾಯು ಎಲ್ಲ ಸೇರಿ ಶೇ. 3.4, ಪ್ಲಸೀಬೊದವರಲ್ಲಿ ಶೇ. 5.2. ಚೇಳು ಅಂತ ಮೂಗು ಮುರಿಯೋದು ಸುಲಭ. ನನಗೆ ಬೇಕಿರೋದು ಚೀನಾದ ಹೊರಗೆ ಬೇರೊಂದು ತಂಡ ಇದನ್ನೇ ಮತ್ತೆ ಮಾಡಿ ತೋರಿಸುವುದು.

ಇಷ್ಟೆಲ್ಲದಕ್ಕೂ ಮೊದಲು ಡಬ್ಬಿಯಲ್ಲಿರೋ ಬೇರು ಯಾವುದು ಅಂತ ಖಾತ್ರಿ ಆಗಬೇಕು. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನ ತೂಕ ಇಳಿಸುವ ಕ್ಲಿನಿಕ್ಕೊಂದರಲ್ಲಿ ಫಾಂಗ್ ಜಿ ಅನ್ನೋ ಬೇರಿನ ಬದಲು ಹೆಸರು ಹೋಲುವ ಬೇರೊಂದು ಗಿಡದ ಗುವಾಂಗ್ ಫಾಂಗ್ ಜಿ ಸೇರಿ, ಸುಮಾರು ನೂರು ಹೆಂಗಸರ ಮೂತ್ರಪಿಂಡ ಹಾಳಾಯಿತು. ಆಮೇಲೆ ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ. ಕಾರಣ ಗುವಾಂಗ್ ಫಾಂಗ್ ಜಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ. ನಮ್ಮ ಈಶ್ವರಿ ಬೇರು ಆ ಗಿಡದ ಕುಲದ್ದೇ. ಹಳ್ಳಿ ಮದ್ದು ಅಂತ ಅದನ್ನು ಅರೆದು ಕುಡಿಯುವವರು ದಯವಿಟ್ಟು ನಿಲ್ಲಿಸಿ.