ದೊಡ್ಡ ರಂಗಮಂದಿರಕ್ಕೆ ಹೋದರೆ ಸೋಲು ಖಚಿತವೇ?

ಸಣ್ಣ ರಂಗಮಂದಿರದಲ್ಲಿ ಗೆದ್ದ ಸಂಗೀತ ನಾಟಕ ದೊಡ್ಡದಕ್ಕೆ ಹೋದರೆ ಪ್ರೇಕ್ಷಕರು ಕೈಬಿಡುತ್ತಾರೆ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. ನ್ಯೂಯಾರ್ಕಿನ ‘ರೆಂಟ್’ ನಾಟಕವನ್ನೇ ನೋಡಿ. 1996ರ ಆರಂಭದಲ್ಲಿ ಅದನ್ನು ಆಡಿದ್ದು ಇನ್ನೂರು ಆಸನವೂ ಇಲ್ಲದ ನ್ಯೂಯಾರ್ಕ್ ಥಿಯೇಟರ್ ವರ್ಕ್‌ಶಾಪ್‌ನಲ್ಲಿ. ಏಪ್ರಿಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಆಸನಗಳ ನೆಡರ್‌ಲ್ಯಾಂಡರ್ ರಂಗಮಂದಿರಕ್ಕೆ ಬಂದ ನಾಟಕ 2008ರವರೆಗೆ ನಡೆಯಿತು. ಅಲ್ಲಿ ಮುಂದಿನ ಎರಡು ಸಾಲುಗಳ ಟಿಕೆಟ್ ಪ್ರದರ್ಶನದ ದಿನವೇ 20 ಡಾಲರಿಗೆ ಸಿಗುತ್ತಿತ್ತು. ಅದಕ್ಕಾಗಿ ಅಭಿಮಾನಿಗಳು ರಾತ್ರಿಯಿಡೀ ಬೀದಿಯಲ್ಲಿ ಸಾಲುಗಟ್ಟಿ ಕಾದದ್ದುಂಟು. ನಟರ ಬೆವರಹನಿ ಕಾಣುವ ಜಾಗ ದುಡ್ಡಿದ್ದವರಿಗಲ್ಲ, ಕಾದವರಿಗೆ! ಬಾಲ್ಕನಿಯ ಕೊನೆಯಲ್ಲಿ ಕುಳಿತರೆ ಮುಖಭಾವ ಕಾಣದು ಎಂಬ ದೂರು ನ್ಯಾಯವಾದದ್ದೇ. ಅದನ್ನೇ ಹಿಡಿದು ಪ್ರೇಕ್ಷಕರು ದೂರವಾದರು ಎನ್ನಲು ಹನ್ನೆರಡು ವರ್ಷಗಳ ಆ ಓಟ ಅಡ್ಡ ಬರುತ್ತದೆ.